ಬಾಂಬೆಯ ತೇಗದ ಹಡಗು

ಬ್ರಿಟಿಷ್ ನೌಕಾಪಡೆಯ ಟ್ರಿಂಕೋಮಲಿ ಎಂಬ ಹಡಗು ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ. ಅದರ ನಕ್ಷೆ ತರುತ್ತಿದ್ದ ಜಾವಾ ಹಡಗನ್ನು 1812ರಲ್ಲಿ ಅಮೆರಿಕನ್ನರು ಸೆರೆಹಿಡಿದರು. ಮತ್ತೊಂದು ನಕ್ಷೆ ಬಂದು ಕೆಲಸ ಶುರುವಾದದ್ದು 1816ರಲ್ಲಿ. ಹಡಗು ಕಟ್ಟಿದ ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಪಾರ್ಸಿ ಸಂಪ್ರದಾಯದಂತೆ ಹಡಗಿನ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದರು. ಎಂಥ ದೊಡ್ಡ ಕಸುಬುದಾರ! ಇವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1817ರಲ್ಲಿ ಹಡಗು ನೀರಿಗಿಳಿಯುವ ಹೊತ್ತಿಗೆ ಅದು ಬೇಕಾಗಿದ್ದ ನೆಪೋಲಿಯನ್ ಯುದ್ಧಗಳೇ ಮುಗಿದಿದ್ದವು. ಇಂಗ್ಲೆಂಡ್ ತಲುಪಿ ಕಾಲು ಶತಮಾನ ಕೆಲಸವಿಲ್ಲದೆ ನಿಂತಿತು. ಆಮೇಲೆ ವೆಸ್ಟ್ ಇಂಡೀಸ್, ಪೆಸಿಫಿಕ್ ಕಡೆ ಕಾವಲು, ನಂತರ ನಾವಿಕರ ತರಬೇತಿ. 1897ರಲ್ಲಿ ಗುಜರಿಗೆ ಹೋಗುವುದರಲ್ಲಿತ್ತು, ವ್ಹೀಟ್ಲಿ ಕಾಬ್ ಎಂಬುವರು ಕೊಂಡು ಉಳಿಸಿದರು. ಮಲಬಾರಿನ ತೇಗದ ಆ ಹಡಗು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.