ಮೊರದಲ್ಲಿ ಅಜ್ಜಿ, ಓಣಿಯಲ್ಲಿ ಅಜ್ಜಿ

ಆಷಾಢದ ಮಂಗಳವಾರ. ನಮ್ಮ ಕೊಟ್ಟೂರಿನ ಓಣಿಯಲ್ಲಿ ಅಂದು ಅಜ್ಜಿ ಹಬ್ಬ. ಹೂರಣ ರುಬ್ಬಿ, ಕಣಕ ನಾದಿಟ್ಟು, ಹೆಂಚಿನ ಮುಂದೆ ಕುಳಿತಿದ್ದೆ. ಅಷ್ಟರಲ್ಲಿ ಅಕ್ಕನ ಮಗಳ ಫೋನು ಬಂತು. ಹುಡುಗಿ ಇಂಗ್ಲೆಂಡಿನಲ್ಲಿ ಓದಲು ಹೋಗಿ ಒಂದು ವರ್ಷವಾಗಿದೆ. "ಏನ್ ಮಾಡಾಕತ್ತಿ ಚಿಗವ್ವಾ?" ಎಂದಳು. ಅಜ್ಜಿ ಹಬ್ಬವೆಂದೆ. ಅವಳು ನಕ್ಕು, "ಇಲ್ಲಿ ನಮ್ಮ ಮನೆ ಯಜಮಾನಿಗೂ ಹೋದ ವಾರ ಹಬ್ಬಿತ್ತು. ಸೂರ್ಯ ಹುಟ್ಟೋದನ್ನ ನೋಡಾಕ ಕಲ್ಲಿನ ತಾಕ ಹೋಗಿದ್ರು. ಅವರು ವಿಕ್ಕ ಮತದೋರು. ತಾವು ಮಾಟಗಾತಿ ಅಂತ ತಾವೇ ಹೇಳಿಕೊಳ್ತಾರ," ಎಂದಳು.

ನನ್ನ ಕೈ ನಿಂತೇ ಹೋಯಿತು. ಹೆಂಚಿನ ಮೇಲಿನ ಹೋಳಿಗೆ ಕರಕಾಯಿತು. "ಯವ್ವಾ, ಇವತ್ತೇ ಆ ಮನಿ ಖಾಲಿ ಮಾಡು. ಆಕಿ ಕೊಟ್ಟಿದ್ದು ಏನೂ ತಿನಬ್ಯಾಡ," ಎಂದೆ. ಅವಳು ಇನ್ನೂ ಜೋರಾಗಿ ನಕ್ಕಳು. "ನೀ ಈಗ ಏನು ಮಾಡಾಕತ್ತೀಯೋ ಅದನ್ನ ಅವರೂ ಮಾಡ್ತಾರ ಚಿಗವ್ವಾ. ಹೋಳಿಗಿ ಒಂದಿಲ್ಲ, ಅಷ್ಟೆ!"

ಈ ಕಡೆಯವರಲ್ಲದ ಸೋದರಿಯರಿಗಾಗಿ ನಮ್ಮ ಅಜ್ಜಿ ಹಬ್ಬದ ಬಗ್ಗೆ ಎರಡು ಮಾತು. ಮೈಮೇಲೆ ಗುಳ್ಳೆ ಎಬ್ಬಿಸುವ ಬೇನೆಯನ್ನು ಹಿರಿಯರು ಅಮ್ಮ ಎಂದರು, ಅಜ್ಜಿ ಎಂದರು. ಮಳೆಗಾಲದ ಮೊದಲಲ್ಲಿ ಆ ಅಜ್ಜಿಗೆ ಹೋಳಿಗೆ, ಅನ್ನ ಎಡೆ ಮಾಡಿ, ಬೇವಿನ ಸೊಪ್ಪಿನ ಜೊತೆ ಮೊರದಲ್ಲಿಟ್ಟುಕೊಂಡು ಹೋಗಿ ಊರ ಗಡಿ ದಾಟಿಸಿ ಬರುತ್ತೇವೆ. ಉಣಿಸಿ, ಗೌರವಿಸಿ, "ಹೋಗಿ ಬಾರವ್ವ" ಎಂದು ಕಳಿಸುವುದು. ಸಿಡುಬು ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಸಾರಿದರು. ಆದರೆ ನಮ್ಮ ಹಬ್ಬ ಉಳಿದುಕೊಂಡಿತು.

ಅಂದು ಸಂಜೆ ಮೊರ ಹೊತ್ತು ಹೊರಟೆವು. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಗಂಡನಿಲ್ಲ, ಮಕ್ಕಳಿಲ್ಲ. ಆ ಬಾಗಿಲ ಮುಂದೆ ಎಲ್ಲರೂ ಸೆರಗು ಸರಿಮಾಡಿಕೊಂಡು ಬೇಗ ಬೇಗ ನಡೆದರು. ನಾನೂ ನಡೆದೆ. ಅರ್ಧ ತೆರೆದ ಬಾಗಿಲ ಹಿಂದೆ ಆಕೆ ಕೈಮುಗಿದು ನಿಂತಿದ್ದಳು. ನಮಗಲ್ಲ, ಮೊರದಲ್ಲಿದ್ದ ಅಜ್ಜಿಗೆ. ಅದೇಕೋ ಆ ದಿನ ಅದು ಕಣ್ಣಿಗೆ ಕಟ್ಟಿದಂತಾಯಿತು. ಕಾರಣವನ್ನು ಆಮೇಲೆ ಹೇಳುತ್ತೇನೆ.

ಈ ವಿಕ್ಕ ಎಂದರೇನು ಎಂದು ತಿಳಿಯುವ ತನಕ ನನಗೆ ಸಮಾಧಾನವಿರಲಿಲ್ಲ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ಹೈಸ್ಕೂಲಿಗೆ ಹೋಗುವ ಮಗ ಫೋನಿನಲ್ಲಿ ಓದಿ ಹೇಳಿದ, ಅಕ್ಕನ ಮಗಳು ವಾರಕ್ಕೊಮ್ಮೆ ಬಿಡಿಸಿ ಹೇಳಿದಳು.

ಇದು ಬಹಳ ಹಳೆಯ ಮತವೆಂದು ಮೊದಲು ಹೇಳಿಕೊಂಡರಂತೆ. ಆದರೆ ಹಳೆಯ ನಂಬಿಕೆಗಳ ಎಳೆಗಳನ್ನು ಹೆಕ್ಕಿ 20ನೇ ಶತಮಾನದಲ್ಲಿ ಹೊಸದಾಗಿ ನೇಯ್ದದ್ದು ಎಂದು ವಿದ್ವಾಂಸರ ಮತ. ಇಂಗ್ಲೆಂಡಿನಲ್ಲಿ ಮಾಟದ ಬಗೆಗಿನ ಹಳೆಯ ಕಾಯಿದೆ 1951ರಲ್ಲಿ ರದ್ದಾಯಿತು. ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್ ಎಂಬಾತ 1954ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ. ಡೋರೀನ್ ವ್ಯಾಲಿಯೆಂಟ್ ಎಂಬ ಹೆಣ್ಣುಮಗಳು ಪೂಜೆಯ ಮಾತುಗಳನ್ನು ಬರೆದುಕೊಟ್ಟಳು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಜನ ತಾವು ವಿಕ್ಕ ಎಂದೂ, ಸುಮಾರು 74,000 ಜನ ಪೇಗನ್ ಎಂದೂ ಬರೆಸಿದ್ದಾರೆ. ಪೇಗನ್ ಎಂಬ ಮಾತಿನ ಮೂಲ ಅರ್ಥ ಹಳ್ಳಿಯವ ಎಂದಂತೆ! ಹಾಗಾದರೆ ನಮ್ಮನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು, ನೀವೇ ಹೇಳಿ.

ಅವರಿಗೆ ದೇವಿಯೂ ಉಂಟು, ದೇವನೂ ಉಂಟು. ಹುಣ್ಣಿಮೆಗೆ ಕೂಡುತ್ತಾರೆ. ವರ್ಷಕ್ಕೆ ಎಂಟು ಹಬ್ಬ. ಹಗಲು ಅತಿ ದೊಡ್ಡದಾದ ದಿನ, ಅತಿ ಚಿಕ್ಕದಾದ ದಿನ, ಹಗಲು ರಾತ್ರಿ ಸಮನಾದ ಎರಡು ದಿನ, ಅವುಗಳ ನಡುವೆ ಇನ್ನು ನಾಲ್ಕು. ಆಗಸ್ಟ್ ಮೊದಲಲ್ಲಿ ಹೊಸ ಗೋಧಿಯ ರೊಟ್ಟಿ. ಅಕ್ಟೋಬರ್ ಕೊನೆಗೆ ತೀರಿಹೋದವರ ನೆನಪು, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಮನೆಯಲ್ಲಿ ಒಂದು ಚಿಕ್ಕ ಮೇಜು. ಅದರ ಮೇಲೆ ಮೇಣದ ಬತ್ತಿ, ಉಪ್ಪು, ನೀರು, ಆ ಕಾಲದ ಹೂವು ಇಲ್ಲವೆ ಸೊಪ್ಪು. ಹೊಸ್ತಿಲ ಕಸವನ್ನು ಕೆಟ್ಟದ್ದನ್ನು ಹೊರಹಾಕುವ ಮನಸ್ಸಿನಿಂದ ಗುಡಿಸುತ್ತಾರೆ. ಅಡಿಗೆಯನ್ನೇ ಪೂಜೆಯೆಂದು ತಿಳಿದವರೂ ಇದ್ದಾರೆ. ಯಾರಿಗೂ ಕೇಡಾಗಬಾರದು, ಇದು ಅವರ ದೊಡ್ಡ ಕಟ್ಟಳೆ.

ಇದನ್ನೆಲ್ಲ ಕೇಳುತ್ತ ನನ್ನ ಭಯ ಕರಗಿ ನಗು ಬಂತು. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು ನಾವಲ್ಲವೆ? ಮಗು ಅತ್ತರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರು ನಾವಲ್ಲವೆ? ಮುಸ್ಸಂಜೆಯಲ್ಲಿ ಕಸ ಹೊರಗೆ ಹಾಕಬಾರದೆನ್ನುವವರು ಯಾರು?

ಹೆಚ್ಚಿನ ಹೋಲಿಕೆ ಇರುವುದು ಹೊಲದಲ್ಲಿ. ನನ್ನ ತವರು ಕೋಗಳಿಯ ಕಡೆ. ಎರೆಹೊಲದ ಮನೆತನ. ಅವರು ದೊಡ್ಡ ಹಗಲಿನ ಹಬ್ಬಕ್ಕೆ ಸ್ಟೋನ್‌ಹೆಂಜ್ ಎಂಬಲ್ಲಿ ಹಳೆಯ ಕಲ್ಲುಗಳ ನಡುವೆ ನಿಂತರೆ, ಆಸುಪಾಸಿನ ದಿನಗಳಲ್ಲೇ ನಮಗೆ ಕಾರಹುಣ್ಣಿಮೆ. ಎತ್ತಿನ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಓಡಿಸುತ್ತೇವೆ. ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಇನ್ನು ಹಳೆಯ ಕಲ್ಲುಗಳು ನಮ್ಮಲ್ಲಿಲ್ಲವೆ? ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯನ ಆಕಾರಕ್ಕೆ ಕಡಿದು ನಿಲ್ಲಿಸಿದ, ಬೃಹತ್ ಶಿಲಾಯುಗದ ಕಲ್ಲುಗಳಿವೆ.

ಅವರ ಕಥೆಯಲ್ಲಿ ದೇವ ಸುಗ್ಗಿಯ ಹೊತ್ತಿಗೆ ಸತ್ತು ಚಳಿಗಾಲದಲ್ಲಿ ಮತ್ತೆ ಹುಟ್ಟುತ್ತಾನೆ. ನಮ್ಮ ಜೋಕುಮಾರನನ್ನು ನೆನೆಯಿರಿ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬೇವಿನ ಎಲೆಯ ನಡುವೆ ಕುಳಿತು ಮನೆ ಮನೆಗೆ ಬರುತ್ತಾನೆ. ಬಾಯಿಗೆ ಬೆಣ್ಣೆ ಹಚ್ಚಿಸಿಕೊಳ್ಳುತ್ತಾನೆ. ಏಳು ದಿನಕ್ಕೆ ಆಯುಷ್ಯ ಮುಗಿಯುತ್ತದೆ. ಆತ ಸತ್ತರೆ ಮಳೆ ಬೆಳೆ. ಅವನ ಹೆಸರಲ್ಲಿ ಕೊಟ್ಟದ್ದನ್ನು ಹೊಲಕ್ಕೆ ಚೆಲ್ಲಿದರೆ ಫಲ.

ಆಮೇಲೆ ಶೀಗಿ ಹುಣ್ಣಿಮೆ. ತೆನೆ ಕಟ್ಟುವ ಹೊತ್ತಿನಲ್ಲಿ ಭೂಮಿತಾಯಿ ಬಸುರಿ ಎಂದು ನಮ್ಮವರ ನಂಬಿಕೆ. ಬಸುರಿಯ ಬಯಕೆ ತೀರಿಸಬೇಡವೆ? ಹಿಂದಿನ ದಿನ ಮನೆಯ ಹೆಂಗಸರೆಲ್ಲ ಕುಳಿತು ಸಜ್ಜೆ ರೊಟ್ಟಿ ತಟ್ಟಿ, ಎಣ್ಣೆಗಾಯಿ ಬದನೆ, ಪುಂಡಿ ಪಲ್ಯ, ಕಡುಬು, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ, ಮೊಸರನ್ನ ಮಾಡಿ ಬುತ್ತಿ ಕಟ್ಟುತ್ತೇವೆ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ. ಮುಂದೆ ಒಬ್ಬರು ಕೂಗು ಹಾಕುತ್ತ ಬೆಳೆಯ ನಡುವೆ ಚರಗ ಚೆಲ್ಲಿದರೆ, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಎಳ್ಳಮಾವಾಸ್ಯೆಗೂ ಹೀಗೆಯೇ ಚರಗ. ಚಿಕ್ಕವಳಿದ್ದಾಗ ನಾನು "ಇಷ್ಟು ಅಡಿಗೆ ಮಣ್ಣಿಗೆ ಯಾಕ ಚೆಲ್ತಾರ?" ಎಂದು ಕೇಳಿದ್ದೆ. ನಮ್ಮವ್ವ, "ಆಕಿ ವರ್ಷಾನುಗಟ್ಟಲೆ ನಮಗ ಉಣಿಸ್ತಾಳ, ನಾವು ಒಂದು ದಿನ ಉಣಿಸಿದ್ರ ಬಡವರಾಗ್ತೀವೇನು?" ಎಂದಿದ್ದಳು. ಇದಕ್ಕಿಂತ ದೊಡ್ಡ ಮತ ಯಾವುದಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಹೋಲಿಕೆ ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಒಂದು ದಿನ ಮಗ ಓದುತ್ತ, "ಅವ್ವಾ, ಇವರ ದೇವಿಗೆ ಮೂರು ರೂಪವಂತೆ. ಕನ್ಯೆ, ತಾಯಿ, ಮುದುಕಿ. ಮುದುಕಿಯೇ ಎಲ್ಲ ಬಲ್ಲವಳಂತೆ," ಎಂದ. ಮುಂದಿನದನ್ನೂ ಓದಿದ. ಯೂರೋಪಿನಲ್ಲಿ 15ರಿಂದ 18ನೇ ಶತಮಾನದ ನಡುವೆ ಮಾಟಗಾತಿ, ಮಾಟಗಾರ ಎಂದು ಹೆಸರಿಟ್ಟು ಸುಮಾರು 40ರಿಂದ 50 ಸಾವಿರ ಜನರನ್ನು ಕೊಂದರಂತೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಹಸು ಹಾಲು ಕೊಡದಿದ್ದರೆ, ಮಗುವಿಗೆ ಜ್ವರ ಬಂದರೆ, ಪಕ್ಕದ ಮನೆಯ ಮುದುಕಿಯದೇ ತಪ್ಪು. ಹಾಗೆ ಕೊಂದ ಹೆಸರನ್ನೇ ಈಗಿನ ಹೆಂಗಸರು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ.

ಮಗ ಪುಟ ಸರಿಸಿದ. ನಾನು ಎದ್ದು ಅಡಿಗೆಮನೆಗೆ ಹೋದೆ. ಏಕೆಂದರೆ ಮಗುವಿನ ಜ್ವರ, ಪಕ್ಕದ ಮುದುಕಿ, ಈ ಎರಡನ್ನೂ ನಾನು ಬಲ್ಲೆ.

ಹನ್ನೊಂದು ವರ್ಷದ ಹಿಂದಿನ ಮಾತು. ಇದೇ ಮಗನಿಗೆ ಆಗ ಮೂರು ವರ್ಷ. ಒಂದು ಬೆಳಿಗ್ಗೆ ಕೊನೆಮನೆ ಅಜ್ಜಿ ಮಜ್ಜಿಗೆ ಕೇಳಲು ಬಂದವಳು ಅವನ ಗಲ್ಲ ಹಿಡಿದು, "ಎಷ್ಟು ಚೆಂದ ಅದಾನವಾ," ಎಂದಳು. ಸಂಜೆಗೆ ಮಗುವಿಗೆ ಜ್ವರ. ನಾಲ್ಕನೆಯ ದಿನ ಮೈತುಂಬ ಕೆಂಪು. ಕಣ್ಣು ಬಿಡಲಾರ, ಕೆಮ್ಮು ನಿಲ್ಲದು. "ಆಕಿ ಕಣ್ಣು ಕೆಟ್ಟದ್ದು," ಎಂದರು ಓಣಿಯವರು. "ಆಕಿಗೆ ಮಾಟ ಬರ್ತೈತಿ," ಎಂದು ಇನ್ನೊಬ್ಬರು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ನಿವಾಳಿಸಿದ ಉಪ್ಪು ಮೆಣಸಿನಕಾಯಿಯನ್ನು ಆಕೆಯ ಬಾಗಿಲ ಮುಂದೆ ಸುರಿದು, "ಇನ್ನೊಮ್ಮೆ ನಮ್ಮ ಹೊಸ್ತಿಲು ತುಳಿದರ ನೋಡು," ಎಂದು ಕೂಗಾಡಿ ಬಂದೆ. ಓಣಿಯಲ್ಲಿ ಪಿಸುಮಾತಾಗಿದ್ದದ್ದು ನನ್ನ ಬಾಯಿಂದ ಬಹಿರಂಗವಾಯಿತು. ಅಂದಿನಿಂದ ಆಕೆಗೆ ಯಾರೂ ಮಜ್ಜಿಗೆ ಕೊಡಲಿಲ್ಲ.

ಡಾಕ್ಟರು ಆಗಲೇ ಹೇಳಿದ್ದರು. ಅದು ದಡಾರ. ಸೋಂಕು ತಗುಲಿ ಸುಮಾರು ಹತ್ತು ದಿನಕ್ಕೆ ಜ್ವರ ಕಾಣುತ್ತದೆ. ಹಾಗಾದರೆ ಅಜ್ಜಿ ಗಲ್ಲ ಮುಟ್ಟುವ ಎಷ್ಟೋ ದಿನ ಮೊದಲೇ ಬೇನೆ ಮಗುವಿನ ಮೈಯಲ್ಲಿತ್ತು. ತೇರಿನ ಗದ್ದಲದಲ್ಲಿ ಅವನನ್ನು ಎತ್ತಿಕೊಂಡು ನಿಂತವಳು ನಾನು. ಜ್ವರ ಬರುತ್ತದೆಂದು ಹೆದರಿ ದಡಾರದ ಸೂಜಿ ತಪ್ಪಿಸಿದವಳೂ ನಾನು. ಈಗ ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು, ಹೀಗೆ ಎರಡು ಸಲ ದಡಾರ-ರುಬೆಲ್ಲಾ ಲಸಿಕೆ ಹಾಕುತ್ತಾರೆ. ಮಗು ಗುಣವಾಯಿತು. ಆದರೆ ನನ್ನ ತಪ್ಪನ್ನು ಹೊತ್ತುಕೊಂಡು ಒಬ್ಬಳು ಹನ್ನೊಂದು ವರ್ಷ ಬಾಗಿಲ ಹಿಂದೆ ನಿಂತಳು. ವರ್ಷ ವರ್ಷ ನಾನು ಅವಳ ಮುಂದೆಯೇ ಮೊರದಲ್ಲಿ ಅಜ್ಜಿಯನ್ನು ಹೊತ್ತು ನಡೆದೆ!

ಶೀಗಿ ಹುಣ್ಣಿಮೆ ಬಂತು. ಹೊಲಕ್ಕೆ ಬುತ್ತಿ ಕಟ್ಟುವಾಗ ಒಂದು ಪಾಲು ಬೇರೆ ಎತ್ತಿಟ್ಟೆ. ಅತ್ತೆಯವರು ನೋಡಿ, "ಯಾರಿಗೆ?" ಎಂದರು. ಹೇಳಿದೆ. ಮುಖ ತಿರುಗಿಸಿದರು. ಕಾಲು ನಡುಗುತ್ತಿದ್ದರೂ ಹೋದೆ.

"ಯಾರವಾ?" ಎಂದಳು ಅಜ್ಜಿ. ಕಣ್ಣಿಗೆ ಪೊರೆ ಬಂದಿದೆ. "ನಾನು ಅಜ್ಜಿ, ಮೂರನೇ ಮನಿಯಾಕಿ. ಬುತ್ತಿ ತಂದೀನಿ," ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಬುತ್ತಿಯನ್ನು ಕಣ್ಣಿಗೊತ್ತಿಕೊಂಡು, "ಹುಡುಗ ಚೆಂದ ಅದಾನೇನವಾ?" ಎಂದಳು. ಅಂದವಳೇ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು, "ತಪ್ಪಾತವಾ, ಅನಬಾರದಿತ್ತು," ಎಂದಳು.

ನನಗೆ ದುಃಖ ತಡೆಯಲಾಗಲಿಲ್ಲ. "ಅನ್ನು ಅಜ್ಜಿ, ಎಷ್ಟು ಸಲ ಬೇಕಾದ್ರೂ ಅನ್ನು," ಎಂದು ಆಕೆಯ ಕೈ ಹಿಡಿದೆ. ತಪ್ಪಾಯಿತೆಂದು ನಾನು ಹೇಳಬೇಕಾಗಿತ್ತು. ಆಕೆ ಮೊದಲು ಹೇಳಿಬಿಟ್ಟಳು.

ಅತ್ತೆಯವರು ನನ್ನೊಡನೆ ಎರಡು ದಿನ ಮಾತು ಬಿಟ್ಟರು. ನೀರು ಹಿಡಿಯುವಲ್ಲಿ ಇಬ್ಬರು ಮೂವರು ಮುಸಿಮುಸಿ ನಕ್ಕರು. ಈಗ ಮಗ ದಿನಾ ಸಂಜೆ ಅಜ್ಜಿಗೆ ಮಜ್ಜಿಗೆ ಕೊಟ್ಟು ಬರುತ್ತಾನೆ. ಮಗನಿಗೇನೂ ಆಗಿಲ್ಲ. ಅಜ್ಜಿಗೆ ಮಾತ್ರ ಮಾತಾಡಲು ಒಬ್ಬ ಸಿಕ್ಕ.

ಸೋದರಿಯರೇ, ನಮ್ಮ ಹಬ್ಬಗಳನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಮಣ್ಣಿನ ಎತ್ತು, ಚರಗ, ಬೇವು, ಮೊರ ಎಲ್ಲ ಇರಲಿ. ಮಣ್ಣಿಗೆ ಉಣಿಸುವ ಬುದ್ಧಿ ನಮ್ಮ ಮಕ್ಕಳಿಗೂ ಬರಲಿ. ಆದರೆ ಹಳೆಯದೆಂದು ಎಲ್ಲವನ್ನೂ ಉಡಿಯಲ್ಲಿ ಕಟ್ಟಿಕೊಳ್ಳಬೇಕಿಲ್ಲ. ದೇವಿಯ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿ ನಮ್ಮ ಸೀಮೆಯಲ್ಲಿ ಎಷ್ಟು ಬಾಳು ಹಾಳುಮಾಡಿತೆಂದು ನಾವೆಲ್ಲ ಬಲ್ಲೆವು. ಅದನ್ನು ತಡೆಯಲು 1982ರ ಕಾಯಿದೆ ಬಂತು. ವಾಮಾಚಾರ, ಅಮಾನವೀಯ ಪದ್ಧತಿಗಳ ವಿರುದ್ಧ 2017ರಲ್ಲಿ ಮಾಡಿದ ಕಾಯಿದೆ 2020ರಲ್ಲಿ ಜಾರಿಯಾಯಿತು. ಆದರೆ ಓಣಿಯ ಪಿಸುಮಾತಿಗೆ ಪೊಲೀಸರು ಬರುವುದಿಲ್ಲ. ಅದನ್ನು ನಿಲ್ಲಿಸಬೇಕಾದವರು ನಾವೇ.

ನಿಮ್ಮ ಓಣಿಯಲ್ಲೂ ಒಂದು ಕೊನೆಯ ಮನೆ ಇದ್ದೀತು. ಮುಂದಿನ ಹಬ್ಬಕ್ಕೆ ಒಂದು ಹೋಳಿಗೆ ಹೆಚ್ಚು ಮಾಡಿ. ಮೊರದ ಅಜ್ಜಿಗೆ ಎಡೆ ಇಡುವ ಮೊದಲು ಬಾಗಿಲ ಹಿಂದಿನ ಅಜ್ಜಿಗೆ ಕೊಟ್ಟು ಬನ್ನಿ. ಗಡಿ ದಾಟಿಸಬೇಕಾದದ್ದು ಬೇನೆಯನ್ನು, ಮುದುಕಿಯನ್ನಲ್ಲ.