ಸೆವೆನ್ ಐರನ್ ಮತ್ತು ರಂಗೋಲಿ ಪುಡಿ (ಭಾಗ 3)

ಹೋದ ವಾರದ ಫೋಟೊ ನೋಡಿ ಡಿಎಂನಲ್ಲಿ ಬಂದ ಪ್ರಶ್ನೆ ಒಂದೇ: "ನ್ಯಾಮತೀಲಿ ಗಾಲ್ಫಾ?" ಹೌದು ಕಣ್ರೋ. ಬೆಂಗಳೂರಲ್ಲಿ ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಹೊನ್ನಾಳಿ, ಚನ್ನಗಿರಿ, ಜಗಳೂರು ಸುತ್ತಿದೀನಿ, ಒಂದು ಗಾಲ್ಫ್ ಮೈದಾನನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಹತ್ರ ಇರೋದು ಇಷ್ಟು: ಮಾವ ಬೆಂಗಳೂರಿನ ಹಳೇ ಸಾಮಾನಿನ ಅಂಗಡೀಲಿ ಕೊಂಡು ತಂದ ಒಂದು ಸೆವೆನ್ ಐರನ್, ಆರು ಹಳೇ ಬಾಲು, ಮೆಕ್ಕೆಜೋಳ ಮುರಿದಾದ ಮೇಲೆ ಖಾಲಿ ಬಿದ್ದಿರೋ ನಮ್ಮ ಹೊಲ. ನಾಲ್ಕು ತಿಂಗಳಲ್ಲಿ ಕಲಿತಿದ್ದನ್ನ ಬರೀತಿದೀನಿ. ಬಲಗೈಯೋರ ಲೆಕ್ಕದಲ್ಲಿ ಓದ್ಕೊಳ್ಳಿ.

ಫೋಟೊ 1: ಹಿಡಿತ
ಹಾಲಿನ ಪ್ಯಾಕೆಟ್ ಹಿಡಿದಂಗೆ ಹಿಡೀಬೇಕು. ಜಾರಬಾರದು, ಒಡೀಲೂಬಾರದು. ಬಿಗಿಯಾಗಿ ಹಿಡಿದ್ರೆ ಮೊಣಕೈ, ಭುಜ ಎಲ್ಲಾ ಬಿಗಿಯಾಗುತ್ತೆ. ಆಮೇಲೆ ಕೋಲು ಬೀಸೋಕಾಗಲ್ಲ, ಬರೀ ತಳ್ಳೋದಾಗುತ್ತೆ.

ಫೋಟೊ 2: ಬಿಳಿ ಗೆರೆ
ಇದಕ್ಕೆ ಕೋಚ್ ಬೇಡ, ರಂಗೋಲಿ ಪುಡಿ ಸಾಕು. ನೆಲದ ಮೇಲೆ ಒಂದು ಗೆರೆ ಎಳೆದು, ಅದು ಎರಡು ಕಾಲಿನ ಮಧ್ಯಕ್ಕೆ ಬರೋ ಹಂಗೆ ನಿಂತು, ಬಾಲಿಲ್ಲದೆ ಬೀಸಿ. ಕೋಲು ಮಣ್ಣು ಕೆರೆದ ಗುರುತು ಗೆರೆ ಮೇಲೆ ಅಥವಾ ಅದರ ಎಡಕ್ಕೆ, ಅಂದ್ರೆ ಬಾಲು ಹೋಗೋ ದಿಕ್ಕಿಗೆ ಇರಬೇಕು. ಬಲಕ್ಕಿದ್ರೆ ಬಾಲಿಗಿಂತ ಮೊದಲು ನೆಲಕ್ಕೆ ಹೊಡೆದ್ರಿ ಅಂತ ಅರ್ಥ. ಮೈಭಾರ ಬಲಗಾಲಲ್ಲೇ ಉಳಿದ್ರೆ ಹಿಂಗಾಗೋದು ಜಾಸ್ತಿ.

ಚಿನ್ನಿದಾಂಡು ಆಡಿದೋರಿಗೆ ಇದು ಕಷ್ಟ. ಅಲ್ಲಿ ಚಿನ್ನೀನ ಮೊದಲು ಚಿಮ್ಮಿಸಿ ಆಮೇಲೆ ಹೊಡೀತೀವಿ. ಇಲ್ಲಿ ಎತ್ತೋ ಕೆಲಸ ನಮ್ಮದಲ್ಲ. ಐರನ್‌ನ ಮುಖ ಮೊದಲೇ ಓರೆಯಾಗಿರುತ್ತೆ. ನಾವು ಕೆಳಮುಖವಾಗಿ ಬಾಲಿಗೆ ಹೊಡೆದ್ರೆ ಅದೇ ಮೇಲೇಳುತ್ತೆ.

ಫೋಟೊ 3: ಕಾಲು ಮೊದಲು, ಕೈ ಕೊನೆಗೆ
ಮಾವಿನಕಾಯಿಗೆ ಕಲ್ಲು ಬೀರೋದು ನೆನಪಿಸ್ಕೊಳ್ಳಿ. ಕಾಲು ಮುಂದೆ ಬರುತ್ತೆ, ಸೊಂಟ ತಿರುಗುತ್ತೆ, ಭುಜ ಹಿಂದೆನೇ ಬರುತ್ತೆ, ಕೈ ಕೊನೇಲಿ. ಸ್ವಿಂಗೂ ಅದೇ ಕ್ರಮ. ಕೆಳಗಿಳಿಸುವಾಗ ಎಡಗಾಲು ಒತ್ತೋದರಿಂದ ಶುರು ಮಾಡಿ.

ಫೋಟೊ 4: ಎಣಿಕೆ
ಕೋಲು ಮೇಲೆ ಹೋಗುವಾಗ "ಒಂದು, ಎರಡು, ಮೂರು", ಕೆಳಗೆ ಬರುವಾಗ "ನಾಲ್ಕು". ಒಳ್ಳೆ ಆಟಗಾರರ ಸ್ವಿಂಗ್ ಹೆಚ್ಚುಕಮ್ಮಿ ಈ 3:1 ಲೆಕ್ಕದಲ್ಲೇ ಇರುತ್ತೆ. ಜೋಡಿಗಾಲಲ್ಲಿ ನಿಂತು ಅರ್ಧ ಸ್ವಿಂಗ್ ಮಾಡಿ ನೋಡಿ. ಬಲ ಜಾಸ್ತಿ ಹಾಕಿದ್ರೆ ಆವಾಗಲೇ ತೂರಾಡ್ತೀರಾ.

ಫೋಟೊ 5: ನನ್ನ ಲೆಡ್ಜರ್
ಬಿಕಾಂ ಹುಡುಗಿ ಅಲ್ವಾ, ಲೆಕ್ಕ ಇಟ್ಟಿದೀನಿ. ದಿನಕ್ಕೆ 30 ಸ್ವಿಂಗ್. ಮೊದಲ ವಾರ ಗೆರೆ ದಾಟಿದ್ದು 7, ಹೋದ ವಾರ 19. ಬ್ಯಾಲೆನ್ಸ್ ಇನ್ನೂ 11 ಐತೆ.

ಫೋಟೊ 6: ಯಾಕೆ?
2021ರ ಆಗಸ್ಟ್ 7. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದಿದ್ದು ಎಲ್ರಿಗೂ ನೆನಪಿದೆ. ಅವತ್ತೇ ಬೆಳಿಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ತಗೊಂಡ್ರು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಅವರ ಕಿಟ್ ಹೊತ್ತು ಜೊತೆಗೆ ನಡೆದಿದ್ದು ಅವರ ಅಮ್ಮ. ತುಂಬಾ ದೂರ ಹೊಡೆಯೋರಲ್ಲ ಅದಿತಿ. ಆದ್ರೂ ಕೊನೇವರೆಗೂ ಪೈಪೋಟೀಲಿದ್ರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಬಂತು.

ನಮ್ಮ ಕಡೆ? ಏಳನೇ ಕ್ಲಾಸಲ್ಲಿ ನನ್ನ ಜೊತೆ ಖೋ ಖೋ ಓಡಿದ ಹುಡ್ಗೀರು ಈಗ ಮೈದಾನಕ್ಕೆ ಬರೋದು ಹುಡುಗರ ಕಬಡ್ಡಿಗೆ ಚಪ್ಪಾಳೆ ಹೊಡೆಯೋಕೆ. ನಾನು ಹೊಲದಲ್ಲಿ ಕೋಲು ಬೀಸಿದ್ರೆ ರಸ್ತೇಲಿ ಬೈಕ್ ನಿಲ್ಲುತ್ತೆ. "ಮದುವೆ ವಯಸ್ಸಿನ ಹುಡುಗಿ" ಅನ್ನೋ ಮಾತು ಅಮ್ಮನ ಕಿವಿಗೂ ಬಿದ್ದಿದೆ. ಸಂಬಂಧಿಕರು ಜಾತಕ ಕೇಳ್ತಿದಾರೆ. ನಾನು ದಾವಣಗೆರೆಗೆ ಹೋಗಿ ಎಂಕಾಂ ಮಾಡ್ತೀನಿ ಅಂದಿದೀನಿ. ಮನೇಲಿ ಯಾರೂ ಇನ್ನೂ ಹ್ಞೂಂ ಅಂದಿಲ್ಲ.

ಅಪ್ಪ ಮಾತ್ರ ಒಂದು ಮಾತು ಹೇಳಿದಾರೆ: "ಮಳೆ ಬರೋ ತನಕ ಹೊಲ ನಿಂದು. ಆಮೇಲೆ ಉಳೀಬೇಕು." ನನ್ನ ಆರನೇ ಸೆಮ್ ಮುಗಿಯೋದೂ ಅದೇ ಹೊತ್ತಿಗೆ. ಅಷ್ಟರೊಳಗೆ ಎರಡು ಕೆಲಸ ಇದೆ: ಆ 11 ಕಡಿಮೆ ಮಾಡೋದು, ಅಪ್ಪನ ಹತ್ರ ಇನ್ನೊಂದು ಮಾತು ಹೇಳಿಸೋದು.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಕ್ಲಾಸಿನೋರೆಲ್ಲ ಬನ್ನಿ. ಕೋಲು ಒಂದೇ, ಸರದಿ ಮೇಲೆ. ಮೊದಲ ಸರದಿ ಹುಡ್ಗೀರದ್ದು. ಹೊಡೆಯೋರಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಬಾಲು 46 ಗ್ರಾಮೂ ಇಲ್ಲ, ಆದ್ರೆ ತಾಗಿದ್ರೆ ಕಲ್ಲೇ. ರಂಗೋಲಿ ಪುಡಿ ನಂದು.

#ಹೊಲದಲ್ಲಿಗಾಲ್ಫ್ #ನ್ಯಾಮತಿ #ಹೊನ್ನಾಳಿ #ಬಿಕಾಂಲೆಕ್ಕ