ಪರದೇಶದಲ್ಲಿ ಒಂದು ಬೇಸಿಗೆ

ಬೇಸಿಗೆ ರಜ ಸಮೀಪಿಸಿತೆಂದರೆ ವಿಶಾಖಪಟ್ಟಣದ ನಮ್ಮ ಕನ್ನಡ ಮನೆಗಳಲ್ಲಿ ಈಗ ಹೊಸದೊಂದು ಚರ್ಚೆ ಏಳುತ್ತದೆ. ಹಿಂದೆ, ಊರಿಗೆ ಯಾವಾಗ ಹೊರಡುವುದು, ರೈಲಿನಲ್ಲಿ ಜಾಗ ಸಿಕ್ಕೀತೆ, ಎಂಬುದಿಷ್ಟೇ ಪ್ರಶ್ನೆಯಾಗಿತ್ತು. ಈಗ ಕಾಲೇಜಿನ ಮಕ್ಕಳು, ಆರು ವಾರ ಪರದೇಶದಲ್ಲಿ ಓದಿ ಬರುತ್ತೇವೆಂದು ಕಾಗದಪತ್ರಗಳನ್ನು ಮುಂದಿಡುತ್ತಾರೆ. ಹಿರಿಯರು ಕನ್ನಡಕ ಏರಿಸಿ ಮೊದಲು ನೋಡುವುದು ಕೊನೆಯ ಸಾಲಿನ ಮೊತ್ತವನ್ನು. ಆಮೇಲೆ, "ಇಷ್ಟು ದುಡ್ಡು ಸುರಿದು ಆರು ವಾರದಲ್ಲಿ ಬರುವ ವಿದ್ಯೆಯಾದರೂ ಯಾವುದು?" ಎನ್ನುತ್ತಾರೆ. ಸರಕಾರಿ ಕಚೇರಿಯ ಗುಮಾಸ್ತನಾಗಿ ದಿನವೂ ಖರ್ಚುವೆಚ್ಚದ ಕಡತ ನೋಡುವ ನನಗೆ ಈ ಪ್ರಶ್ನೆ ಅನ್ಯಾಯವೆಂದು ತೋರುವುದಿಲ್ಲ.

ಹೋದ ವರ್ಷ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಅಣ್ಣ ವಿಜಯವಾಡದಲ್ಲಿ ಹೋಟೆಲೊಂದರ ಲೆಕ್ಕ ಬರೆಯುತ್ತಾನೆ. ಅವನ ಮಗಳು ನಮ್ಮಲ್ಲಿದ್ದುಕೊಂಡು ಆಂಧ್ರ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಜರ್ಮನಿಯ ಬೇಸಿಗೆ ತರಗತಿಯೊಂದರಲ್ಲಿ ಅವಳಿಗೆ ಸ್ಥಳ ಸಿಕ್ಕಿತು. ಅರ್ಧ ಖರ್ಚಿಗೆ ವಿದ್ಯಾರ್ಥಿವೇತನವೂ ದೊರೆಯಿತು. ಉಳಿದರ್ಧ ಬರಬೇಕಾದುದು ಅವಳ ಮದುವೆಗೆಂದು ಹನ್ನೆರಡು ವರ್ಷದಿಂದ ಕೂಡಿಟ್ಟ ಹಣದಿಂದ. ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಣ್ಣ ಫೋನು ಮಾಡಿ, "ನೀನು ಬಿ.ಎ. ಓದಿದವನು, ನೀನೇ ಹೇಳಪ್ಪ" ಎಂದ.

ನಾನು ಹೇಳಿದ್ದು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರ ಕಥೆ. ಚಿತ್ತೂರು ಸೀಮೆಯಲ್ಲಿ 1880ರಲ್ಲಿ ಹುಟ್ಟಿದ ಅವರು ಸರಕಾರದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳ ಚರ್ಚಾಸಂಘಕ್ಕೆ ಉಪಾಧ್ಯಕ್ಷರಾದರು. ಅಷ್ಟಕ್ಕೇ ನಿಂತಿದ್ದರೆ ಅದು ಮನೆಯವರ ಹೆಮ್ಮೆಯ ಮಾತಾಗಿ ಉಳಿಯುತ್ತಿತ್ತು. ಆದರೆ ಅವರು ಹಿಂದಿರುಗಿ ಬಂದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು. 1914ರಲ್ಲಿ 'ಕವಿತ್ವತತ್ತ್ವವಿಚಾರಮು' ಎಂಬ ಗ್ರಂಥದಿಂದ ತೆಲುಗು ವಿಮರ್ಶೆಗೆ ಹೊಸ ದಾರಿ ತೋರಿದರು. ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸರಕಾರಿ ಶಾಲೆಯಿಂದ ಹೊರಗಿಡಬಾರದೆಂದು ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ ಆಜ್ಞೆಯಾದಾಗ ವಿದ್ಯಾ ಇಲಾಖೆಯಲ್ಲಿ ಅದರ ಹಿಂದೆ ನಿಂತವರು ಅವರು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ರೂಪ ಕೊಟ್ಟವರಲ್ಲಿಯೂ ಒಬ್ಬರು. ಮತ್ತೆ ಹತ್ತು ವರ್ಷಕ್ಕೆ, 1926ರಲ್ಲಿ, ಆಂಧ್ರ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿಯಾದರು. ಆ ವಿಶ್ವವಿದ್ಯಾಲಯ ಮೊದಲು ನೆಲೆಸಿದ್ದು ಅಣ್ಣನ ಊರಿನಲ್ಲಿಯೇ, ಬೆಜವಾಡವೆಂದು ಕರೆಯುತ್ತಿದ್ದ ವಿಜಯವಾಡದಲ್ಲಿ. 1930ರಲ್ಲಿ ನಮ್ಮ ವಾಲ್ತೇರಿಗೆ ಬಂದಿತು.

"ಅವರು ವರ್ಷಗಟ್ಟಲೆ ಓದಿದವರು. ಇವಳದು ಆರು ವಾರ" ಎಂದ ಅಣ್ಣ.

ಅದಕ್ಕೂ ನಿದರ್ಶನವಿತ್ತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿದ್ದದ್ದು ಮೂರೇ ತಿಂಗಳು. ಯಾವ ಪದವಿಯನ್ನೂ ತರಲಿಲ್ಲ. ಆ ನಾಡಿನ ಶಾಲೆ, ಕೈಗಾರಿಕೆಗಳನ್ನು ಕಣ್ಣಾರೆ ನೋಡಿ ಬಂದರು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಶಾಸನ ಮೈಸೂರಿನಲ್ಲಿ ಜಾರಿಗೆ ಬಂದಿತು. ನೋಡಿದ್ದು ಫಲ ಕೊಡಲು ಹದಿನೈದು ವರ್ಷವೂ ಹಿಡಿಯಬಹುದು.

ಅಂತೂ ಹುಡುಗಿ ಹೋಗಿ ಬಂದಳು. ಅಲ್ಲಿ ಕಲಿತ ಪಾಠದ ವಿಷಯ ನನಗೆ ಹೆಚ್ಚು ತಿಳಿಯದು. ಒಂದು ಸಂಜೆ ಸಹಪಾಠಿಗಳೆಲ್ಲ ತಂತಮ್ಮ ಮನೆಮಾತಿನಲ್ಲಿ ಹೆಸರು ಬರೆದರಂತೆ. ಇವಳು ಮನೆಯಲ್ಲಿ ಆಡುವುದು ಕನ್ನಡ; ಬರೆಯಬಲ್ಲದ್ದು ತೆಲುಗು. ಬಂದ ಮಾರನೆಯ ದಿನವೇ, "ಚಿಕ್ಕಪ್ಪ, ನನಗೆ ಕನ್ನಡ ಅಕ್ಷರ ಹೇಳಿಕೊಡಿ" ಎಂದು ಸ್ಲೇಟು ಹಿಡಿದು ಕುಳಿತಳು. ತೆಲುಗು ಬಲ್ಲ ಕಣ್ಣಿಗೆ ಕನ್ನಡದ ಅಕ್ಷರಗಳು ನೆಂಟರೇ. ಕ, ತ, ಶ ಮೊದಲಾದ ಕೆಲವು ಮಾತ್ರ ವೇಷ ಬದಲಿಸಿವೆ. ಎರಡು ವಾರ ಸಾಕಾಯಿತು. ಈಗ ಈ ಪತ್ರಿಕೆಯನ್ನು ಅಜ್ಜಿಗೆ ಅವಳೇ ಓದಿ ಹೇಳುತ್ತಾಳೆ.

ಇನ್ನೊಂದು ಸಂಗತಿ. ಪಾತ್ರೆ ತೊಳೆಯುವಾಕೆಗೆ ಕಾಫಿ ಕೊಡಲು ನಮ್ಮ ತಾಯಿಯವರು ಹಿಂದಿನಿಂದ ಬೇರೆ ಲೋಟ ಇಟ್ಟಿದ್ದರು. ಹುಡುಗಿ ಉಪನ್ಯಾಸ ಮಾಡಲಿಲ್ಲ. ನಾವು ಕುಡಿಯುವ ಲೋಟದಲ್ಲಿಯೇ ಆಕೆಗೂ ಕೊಟ್ಟಳು. ತಾಯಿಯವರು ಒಂದು ವಾರ ಗೊಣಗಿದರು. ಆ ಬೇರೆ ಲೋಟ ಈಗ ತುಳಸಿಗೆ ನೀರೆರೆಯಲು ಇದೆ.

ಹೋಗಿ ಬಂದವರೆಲ್ಲ ಹೀಗಾಗುತ್ತಾರೆಂದು ನಾನು ಹೇಳಲಾರೆ. ಫೋಟೋಗಳನ್ನೂ ನಮ್ಮೂರಿನ ಧೂಳಿನ ಮೇಲಿನ ದೂರನ್ನೂ ಮಾತ್ರ ತರುವವರುಂಟು. ಆರು ವಾರದಲ್ಲಿ ವಿದ್ಯೆ ಬರುವುದಿಲ್ಲ. ನಮ್ಮ ಮನೆಯನ್ನು ನಾವೇ ಹೊರಗೆ ನಿಂತು ನೋಡುವ ಕಣ್ಣು ಬರಬಹುದು. ಆ ಕಣ್ಣು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದು ಹಿರಿಯರ ಕೈಯಲ್ಲಿದೆ. ಮಗು ಹಿಂದಿರುಗಿ ಬಂದಾಗ ಅದರ ಪ್ರಶ್ನೆಗಳನ್ನು ತಳ್ಳಿಹಾಕದೆ ಕೇಳಬೇಕು. ನಮ್ಮ ಸಂಘದಲ್ಲಿಯೂ ಅಂಥವರಿಗೆ ಒಂದು ಕೆಲಸ ಕೊಡಬೇಕು. ಈ ಹುಡುಗಿ ಈಗ ಭಾನುವಾರದ ದಿನ ನಾಲ್ಕು ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಾಳೆ.

ವಿಜಯವಾಡದಲ್ಲಿ ಅಣ್ಣ ಮತ್ತೆ ಹಣ ಕೂಡಿಡತೊಡಗಿದ್ದಾನೆ. ಅದು ತಮ್ಮನ ಓದಿಗಿರಲಿ ಎನ್ನುತ್ತಾಳೆ ಮಗಳು. ಅತ್ತಿಗೆ ಇನ್ನೂ ಒಪ್ಪಿಲ್ಲ.